ಮಂಗನ ಕಾಯಿಲೆ: ದಯೆಯೊಡನೆ ಎಚ್ಚರವೂ ಇರಲಿ

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಬಸವಾದಿ ಶರಣರು ನಮಗೆ ಕಲಿಸಿದ ಪಾಠ. ಮಂಗವೊಂದು ಸತ್ತರೆ ಹೂಮಾಲೆ ಹಾಕಿ, ಮೆರವಣಿಗೆ ಮಾಡಿ ಮಣ್ಣು ಮಾಡುವ ರೂಢಿ ನಮ್ಮ ನಾಡಿನ ಅನೇಕ ಊರುಗಳಲ್ಲಿದೆ. ಈ ಭಾವನೆ ಗೌರವಾರ್ಹವಾದುದು. ಆದರೆ ಮಲೆನಾಡಿನ ಕಾಡಂಚಿನಲ್ಲಿ ಇಂತಹ ಸೇವೆಯೇ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಜನರೂ ತೀವ್ರ ಜ್ವರಕ್ಕೆ ತುತ್ತಾದರು. ಪರೀಕ್ಷೆಯಿಂದ ಹೊಸದೊಂದು ವೈರಾಣು ಪತ್ತೆಯಾಗಿ, ರೋಗಕ್ಕೆ ಆ ಕಾಡಿನ ಹೆಸರೇ ನಿಂತಿತು. ಬಳಿಕ ಅದು ಪಶ್ಚಿಮ ಘಟ್ಟದ ಇತರ ಜಿಲ್ಲೆಗಳಿಗೂ ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಹರಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಹಲವರು ಇದಕ್ಕೆ ಬಲಿಯಾದರು.

ಹೆಸರು ಮಂಗನದಾದರೂ ರೋಗವನ್ನು ಹರಡುವುದು ಉಣುಗು. ರಕ್ತ ಹೀರಿ ಬದುಕುವ ಈ ಪರಾವಲಂಬಿ ಜೀವಿ ಕಾಡಿನ ಇಲಿ, ಹೆಗ್ಗಣ, ಮಂಗಗಳಿಂದ ವೈರಾಣುವನ್ನು ಪಡೆಯುತ್ತದೆ. ಮುಸುವಗಳೂ ಕೋಡಗಗಳೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುತ್ತವೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಸೇರಿಕೊಳ್ಳುತ್ತವೆ. ಹತ್ತಿರ ಸುಳಿದವರನ್ನು ಅವು ಕಚ್ಚಬಹುದು. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ತಪ್ಪು.

ಸತ್ತ ಮಂಗ ಕಂಡರೆ ಮುಟ್ಟದೆ, ಮಕ್ಕಳನ್ನು ಹತ್ತಿರ ಬಿಡದೆ, ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ಅವರು ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಉಣುಗುನಾಶಕ ಪುಡಿಯನ್ನು ಸಿಂಪಡಿಸುತ್ತಾರೆ. ನವೆಂಬರಿನಿಂದ ಮೇ ತಿಂಗಳವರೆಗೆ ವಿಶೇಷ ಎಚ್ಚರ ಅಗತ್ಯ. ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಉಣುಗು ಕಚ್ಚದಂತೆ ಇಲಾಖೆ ಕೊಡುವ ತೈಲವನ್ನು ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸ್ನಾನ ಮಾಡಬೇಕು. ತರಗೆಲೆಯನ್ನು ಮನೆಯ ಬಳಿ ರಾಶಿ ಹಾಕಬಾರದು. ಮೇಯಲು ಕಾಡಿಗೆ ಹೋಗುವ ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗಿನ ಔಷಧ ಕೊಡಿಸಬೇಕು.

ಹಠಾತ್ತನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡರೆ ತಡಮಾಡದೆ ಸರಕಾರಿ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಇದಕ್ಕೆಂದೇ ನಿರ್ದಿಷ್ಟ ಔಷಧವಿಲ್ಲ. ಆದರೆ ಸಕಾಲದ ಆರೈಕೆಯಿಂದ ಬಹುತೇಕರು ಗುಣಮುಖರಾಗುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಭಯದಿಂದ ಮಂಗಗಳನ್ನು ಕೊಲ್ಲುವುದು ಅಧರ್ಮವೂ ಹೌದು, ವ್ಯರ್ಥವೂ ಹೌದು. ಕೊಂದರೆ ಉಣುಗು ಅಳಿಯುವುದಿಲ್ಲ. ಮಂಗದ ಸಾವು ಊರಿಗೆ ದೊರೆಯುವ ಮೊದಲ ಎಚ್ಚರಿಕೆ. ಅದನ್ನು ಕೂಡಲೇ ತಿಳಿಸಿ ನೆರೆಹೊರೆಯವರ ಪ್ರಾಣ ಕಾಯುವುದೂ ದಾಸೋಹವೇ ಸರಿ.