ಕವಾಟದ ಸೋರಿಕೆ ಮತ್ತು ದೇಹದ ಸಾಕ್ಷ್ಯ

ಇತಿಹಾಸದ ಅಭ್ಯಾಸಿಗಳಾದ ನಮಗೆ ಶಾಸನ, ನಾಣ್ಯ, ಕಡತಗಳು ಸಾಕ್ಷ್ಯಗಳು. ವೈದ್ಯನಿಗೆ ರೋಗಿಯ ದೇಹವೇ ಸಾಕ್ಷ್ಯ. ಕಾಣದ ಸಂಗತಿಯನ್ನು ಕಾಣುವ ಕುರುಹುಗಳಿಂದ ನಿರ್ಣಯಿಸಬೇಕಾದ ಕಷ್ಟ ಇಬ್ಬರಿಗೂ ಸಮಾನ. ಈ ನಿರ್ಣಯಶಾಸ್ತ್ರ ಹೇಗೆ ಬೆಳೆಯಿತು, ಎಲ್ಲಿ ಎಡವಿತು ಎಂಬುದನ್ನು ಮಹಾಪಧಮನಿಯ ಕವಾಟದ ಸೋರಿಕೆಯೆಂಬ ಒಂದು ರೋಗದ ಚರಿತ್ರೆಯಿಂದ ಇಲ್ಲಿ ವಿವರಿಸಲೆಳಸಿದ್ದೇವೆ.

ಮೊದಲು ರೋಗದ ಸ್ವರೂಪ. ಎಡ ಹೃತ್ಕುಕ್ಷಿ ಸಂಕುಚಿಸಿದಾಗ ರಕ್ತವು ಮಹಾಪಧಮನಿಗೆ ನುಗ್ಗುತ್ತದೆ. ಹೃತ್ಕುಕ್ಷಿ ಸಡಿಲಗೊಂಡೊಡನೆ ಕವಾಟವು ಮುಚ್ಚಿಕೊಂಡು ರಕ್ತ ಹಿಂದಿರುಗದಂತೆ ತಡೆಯುತ್ತದೆ. ಕವಾಟವು ಸರಿಯಾಗಿ ಮುಚ್ಚದಿದ್ದರೆ ರಕ್ತದ ಒಂದು ಭಾಗ ಹಿಂದಕ್ಕೆ ಸೋರುವುದು. ವರ್ಷಗಳು ಕಳೆದಂತೆ ಹೃತ್ಕುಕ್ಷಿಯು ಹಿಗ್ಗಿ, ಪ್ರತಿ ಬಡಿತದಲ್ಲಿಯೂ ಹೆಚ್ಚು ರಕ್ತವನ್ನು ಹೊರದೂಡುವುದು. ಆದುದರಿಂದ ನಾಡಿಯು ಥಟ್ಟನೆ ಏರಿ ಥಟ್ಟನೆ ಕುಸಿಯುತ್ತದೆ. ರಕ್ತದೊತ್ತಡದ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಅಂತರ ಹೆಚ್ಚುತ್ತದೆ. ಮುಂದೆ ಹೇಳುವ ಚಿಹ್ನೆಗಳಲ್ಲಿ ಹೆಚ್ಚಿನವು ಈ ಒಂದೇ ಕಾರಣದಿಂದ ಹುಟ್ಟಿದವು.

1832ರಲ್ಲಿ ಡಬ್ಲಿನ್ನಿನ ಕಾರಿಗನ್ ಎಂಬ ವೈದ್ಯನು, ಈ ರೋಗಿಗಳ ಕತ್ತು ಮತ್ತು ತೋಳುಗಳ ಅಪಧಮನಿಗಳು ಕಣ್ಣಿಗೆ ಕಾಣುವಂತೆ ಜಿಗಿಯುವುದನ್ನು ವರ್ಣಿಸಿದನು. ಆ ನಾಡಿಗೆ ಅವನ ಹೆಸರೇ ನಿಂತಿತು. ಆದರೆ ಫ್ರಾನ್ಸಿನ ವ್ಯೂಸಾನ್ಸ್ 1715ರಲ್ಲಿಯೇ ಅಂತಹ ನಾಡಿಯನ್ನು ದಾಖಲಿಸಿದ್ದನು. ಹೆಸರು ಮೊದಲಿಗನಿಗೇ ಸಲ್ಲುವುದೆಂಬ ನಿಯಮ ಚರಿತ್ರೆಯಲ್ಲಿಲ್ಲ. ಉಗುರನ್ನು ತುಸು ಒತ್ತಿದಾಗ ಅದರಡಿಯಲ್ಲಿ ಕೆಂಪು ಬಿಳುಪುಗಳು ಬಡಿತಕ್ಕೆ ಸರಿಯಾಗಿ ಬದಲಾಗುವುದನ್ನು 1868ರಲ್ಲಿ ಕ್ವಿಂಕೆ ತೋರಿಸಿದನು. ಇನ್ನೊಂದು ಚಿಹ್ನೆಯಂತೂ ವೈದ್ಯರಿಂದ ಬಂದುದಲ್ಲ. ಫ್ರೆಂಚ್ ಕವಿ ಆಲ್ಫ್ರೆಡ್ ದ ಮುಸ್ಸೆಯ ತಲೆ ಎದೆಬಡಿತಕ್ಕನುಗುಣವಾಗಿ ಅಲುಗುತ್ತಿದ್ದುದನ್ನು 1842ರಲ್ಲಿ ಗಮನಿಸಿ ಬರೆದಿಟ್ಟವನು ಅವನ ಅಣ್ಣ ಪಾಲ್. 1900ರಲ್ಲಿ ವೈದ್ಯಶಾಸ್ತ್ರವು ಅದನ್ನು ರೋಗದ ಕುರುಹೆಂದು ಅಂಗೀಕರಿಸಿತು. ಮನೆಯವರ ನೆನಪೂ ಸಾಕ್ಷ್ಯವಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಕಿವಿಯ ಸಾಕ್ಷ್ಯ ಇವೆಲ್ಲಕ್ಕಿಂತ ಮುಖ್ಯವಾದುದು. 1816ರಲ್ಲಿ ಪ್ಯಾರಿಸಿನ ಲೆನೆಕ್ ಸ್ಟೆತಾಸ್ಕೋಪನ್ನು ಕಂಡುಹಿಡಿದ ಮೇಲೆ ಹೃದಯದ ಧ್ವನಿಗಳ ಅಭ್ಯಾಸ ವಿಸ್ತಾರಗೊಂಡಿತು. ರೋಗಿಯನ್ನು ಮುಂದಕ್ಕೆ ಬಾಗಿ ಕೂರಿಸಿ, ಉಸಿರನ್ನು ಹೊರಬಿಟ್ಟು ತಡೆಹಿಡಿಯಲು ಹೇಳಿ, ಎದೆಮೂಳೆಯ ಎಡ ಅಂಚಿನಲ್ಲಿ ಆಲಿಸಿದರೆ, ಎರಡನೆಯ ಹೃದಯಧ್ವನಿಯ ಬೆನ್ನಿಗೇ ಉಚ್ಚಸ್ವರದ, ಕ್ರಮೇಣ ಕ್ಷೀಣಿಸುವ ಮರ್ಮರ ಕೇಳಿಬರುವುದು. ಆದರೆ ಕಿವಿಯೂ ಮೋಸಹೋಗಬಹುದು. ಕಿರಿದಾದ ಮಿಟ್ರಲ್ ಕವಾಟಕ್ಕೆ ಸಹಜವಾದ ಗುಡುಗಿನಂತಹ ಮರ್ಮರವು, ಆ ಕವಾಟ ಆರೋಗ್ಯವಾಗಿದ್ದಾಗಲೂ ಈ ಸೋರಿಕೆಯಿಂದ ಉಂಟಾಗಬಹುದೆಂದು 1862ರಲ್ಲಿ ಅಮೆರಿಕದ ಆಸ್ಟಿನ್ ಫ್ಲಿಂಟ್ ಶವಪರೀಕ್ಷೆಯ ಆಧಾರದಿಂದ ತಿಳಿಸಿದನು.

ಹೀಗೆ ಹೆಸರುಗಳು ಬೆಳೆದಷ್ಟು ಪ್ರಮಾಣಗಳು ಬೆಳೆಯಲಿಲ್ಲ. 2003ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು ಈ ಹೆಸರುಳ್ಳ ಚಿಹ್ನೆಗಳಲ್ಲಿ ಹೆಚ್ಚಿನವುಗಳಿಗೆ ದೃಢವಾದ ಆಧಾರ ಸಾಲದೆಂದು ತೋರಿಸಿತು. ಅದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ಸೋರಿಕೆಯು ಹಠಾತ್ತನೆ ಉಂಟಾದಲ್ಲಿ ಹೃತ್ಕುಕ್ಷಿಗೆ ಹಿಗ್ಗಲು ಕಾಲಾವಕಾಶವಿರುವುದಿಲ್ಲ. ಆಗ ಜಿಗಿಯುವ ನಾಡಿ ಕಾಣದೆ ಹೋಗಬಹುದು, ಮರ್ಮರವೂ ಮೆಲುವಾಗಿ ಬೇಗನೆ ಮುಗಿಯಬಹುದು. ಅತ್ಯಂತ ಅಪಾಯಕಾರಿಯಾದ ರೂಪದಲ್ಲಿಯೇ ಕುರುಹುಗಳು ಮೌನ ತಾಳುತ್ತವೆ. ಶಾಸನ ಸಿಕ್ಕದಿದ್ದ ಮಾತ್ರಕ್ಕೆ ಅಲ್ಲಿ ರಾಜ್ಯವಿರಲಿಲ್ಲವೆಂದು ನಾವು ಹೇಳಲಾಗದಂತೆ, ಚಿಹ್ನೆ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ವೈದ್ಯನು ಹೇಳಲಾರನು.

ಇಂದು ಅಂತಿಮ ತೀರ್ಪು ಪ್ರತಿಧ್ವನಿಯಿಂದ ಹೃದಯದ ಚಿತ್ರ ಬಿಡಿಸುವ ಯಂತ್ರದ್ದು. ಆದರೂ ಕೀಲುವಾತದ ಜ್ವರದಿಂದ ಎಳೆಯರ ಕವಾಟಗಳು ಕೆಡುವುದು ಇನ್ನೂ ನಿಲ್ಲದ ನಮ್ಮ ದೇಶದಲ್ಲಿ, ಆ ಯಂತ್ರದ ಬಳಿಗೆ ಯಾರನ್ನು ಕಳುಹಿಸಬೇಕೆಂಬುದನ್ನು ಅನೇಕ ವೇಳೆ ಮೊದಲು ಹೇಳುವುದು ವೈದ್ಯನ ಬೆರಳು ಮತ್ತು ಕಿವಿಗಳೇ. ಸಾಕ್ಷ್ಯವನ್ನು ಆದರಿಸಬೇಕು, ಪರೀಕ್ಷಿಸಲೂ ಬೇಕು. ಎರಡು ಶಾಸ್ತ್ರಗಳಿಗೂ ಇದೇ ಪಾಠ.