ಯಾರು, ಯಾರಿಗೆ, ಯಾವಾಗ ಹೇಳಿದರು?

ಕನ್ನಡದಲ್ಲಿ ಪರೀಕ್ಷೆ ಬರೆದ ಯಾರಿಗೆ ತಾನೇ ಈ ಪ್ರಶ್ನೆ ನೆನಪಿಲ್ಲ? ‘ಕೆಳಗಿನ ಮಾತನ್ನು ಯಾರು, ಯಾರಿಗೆ ಹೇಳಿದರು? ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.’ ಗೈಡಿನಲ್ಲಿ ಇದ್ದುದನ್ನು ಉರು ಹೊಡೆದು ಹೋಗಿ ಕಕ್ಕಿ ಬಂದರೆ ಮುಗಿಯಿತು. ‘ಕವಿಯ ವರ್ಣನೆ ಬಹಳ ಸ್ವಾರಸ್ಯಕರವಾಗಿದೆ’ ಎಂದು ಒಂದು ಸಾಲು ಗೀಚಿದರೂ ಒಂದು ಅಂಕ ಬೀಳುತ್ತಿತ್ತು. ಯಾವುದು ಸ್ವಾರಸ್ಯ, ಏಕೆ ಸ್ವಾರಸ್ಯ ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಆ ಒಣ ಪ್ರಶ್ನೆಯೊಳಗೇ ಕವಿತೆ ಓದುವ ವಿದ್ಯೆಯೆಲ್ಲ ಅಡಗಿದೆ ಎಂದು ನನಗೆ ತಿಳಿಯಲು ಐವತ್ತೆರಡು ವರ್ಷ ಆಗಬೇಕಾಯಿತು.

ಹೌದು, ಈ ವಯಸ್ಸಿನಲ್ಲಿ ನಾನು ಎಂ.ಎ. ಕನ್ನಡಕ್ಕೆ ಹೆಸರು ಹಚ್ಚಿದ್ದೇನೆ. ಪಿ.ಯು.ಸಿ. ಮುಗಿದ ಕೂಡಲೇ ಮದುವೆ; ಮಗಳು ಹೈಸ್ಕೂಲಿಗೆ ಬಂದ ಮೇಲೆ ಮನೆಯಲ್ಲೇ ಕುಳಿತು ಬಿ.ಎ.; ಈಗ ಮಗಳನ್ನು ಮದುವೆ ಮಾಡಿ ಕಳಿಸಿ ಇದು. ‘ಇನ್ನು ಓದಿ ಯಾವ ಆಫೀಸಿಗೆ ಹೋಗಬೇಕು?’ ಎಂದು ಕೇಳಿದವರು ಬಹಳ ಜನ. ಅವರಿಗೆಲ್ಲ ಒಂದು ಲೋಟ ಕಾಫಿ ಕೊಟ್ಟು ಸುಮ್ಮನಾಗಿಸುತ್ತೇನೆ. ನಮ್ಮಂಥವರಿಗಾಗಿಯೇ ಮೈಸೂರು ವಿಶ್ವವಿದ್ಯಾನಿಲಯದವರು 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದ್ದರು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಾಠದ ಪುಸ್ತಕ ಅವರೇ ಕೊಡುತ್ತಾರೆ; ಆಗಾಗ ಸಂಪರ್ಕ ತರಗತಿ. ನಾನು ಅರಸೀಕೆರೆಯಿಂದ ಬೆಳಗಿನ ಬಸ್ಸು ಹಿಡಿದು, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹಾಸನಕ್ಕೆ ಹೋಗುತ್ತೇನೆ. ತರಗತಿಯಲ್ಲಿ ನನಗಿಂತ ಹಿರಿಯರು ಒಬ್ಬರೇ, ರಿಟೈರಾದ ನರ್ಸಮ್ಮ. ಉಳಿದವರೆಲ್ಲ ಮಗಳ ವಯಸ್ಸಿನವರು. ಪಾಠ ಹೇಳುವ ಮೇಷ್ಟ್ರೂ ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರು.

ಮೊದಲು ಹೆದರಿಸಿದ್ದು ಛಂದಸ್ಸು. ‘ಯಮಾತಾರಾಜಭಾನಸಲಗಂ’ ಎಂದು ಹೈಸ್ಕೂಲಿನಲ್ಲಿ ಮಂತ್ರದ ಹಾಗೆ ಹೇಳಿಸಿದ್ದರಲ್ಲ, ಅದೇ. ಪ್ರಸ್ತಾರ ಹಾಕು, ಗಣ ವಿಂಗಡಿಸು, ಹೆಸರು ಬರೆ. ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, ‘ಮನೆಯಲ್ಲಿ ದಿನಾ ಕೂಗೋ ಒಂದು ಮಾತು ಹೇಳಿ ನೋಡೋಣ’ ಅಂದರು. ಒಂದು ಹುಡುಗಿ ಏನೋ ಹೇಳಿದಳು, ಇನ್ನೊಬ್ಬಳು ಇನ್ನೇನೋ. ನನ್ನ ಬಾಯಿಗೆ ಬಂದದ್ದು, ‘ಹಾಲು ಉಕ್ಕಿತು, ಓಡಿ ಬಾರೇ!’ ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ಮಾತ್ರ ನಗದೆ ಅದನ್ನೇ ಬೋರ್ಡಿನ ಮೇಲೆ ಬರೆದರು.

ನೀವೂ ಬೆರಳು ಮಡಿಸಿ ಎಣಿಸಿ ನೋಡಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾದರೂ ಅದಕ್ಕೆ ಎರಡು. ‘ಹಾಲು’ ಮೂರು. ‘ಉಕ್ಕಿತು’ ನಾಲ್ಕು. ‘ಓಡಿ’ ಮೂರು. ‘ಬಾರೇ’ ನಾಲ್ಕು. ಮೂರು ನಾಲ್ಕು ಮೂರು ನಾಲ್ಕು, ಒಟ್ಟು ಹದಿನಾಲ್ಕು. ‘ಅಮ್ಮಾ, ನೀವು ಭಾಮಿನಿ ಷಟ್ಪದಿಯ ಮೊದಲನೇ ಸಾಲು ಹೇಳಿಬಿಟ್ಟಿದ್ದೀರಿ’ ಅಂದರು ಮೇಷ್ಟ್ರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಕಥೆಯನ್ನು ಹೇಳಿದ್ದು ಇದೇ ಅಳತೆಯಲ್ಲಿ. ಆರು ಸಾಲಿನ ಪದ್ಯ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರಕ್ಕೆ ಇಪ್ಪತ್ಮೂರು, ಕೊನೆಯಲ್ಲಿ ಒಂದು ಗುರು. ಎರಡು ಗಿಡ್ಡ ಸಾಲು ಒಂದರ ಹಿಂದೆ ಒಂದು ಓಡುತ್ತವೆ, ಮೂರನೆಯದು ಇನ್ನೂ ದೂರ ಓಡಿ ಆ ಗುರುವಿನ ಮೇಲೆ ಉಸ್ಸಪ್ಪಾ ಎಂದು ಕೂರುತ್ತದೆ. ಗಮಕಿಗಳು ಭಾರತ ವಾಚನ ಮಾಡುವಾಗ ಅಲ್ಲಿಯೇ ರಾಗ ಎಳೆದು ನಿಲ್ಲುವುದನ್ನು ನಾನು ದೇವಸ್ಥಾನದಲ್ಲಿ ಎಷ್ಟು ಸಲ ಕೇಳಿಲ್ಲ! ಏಕೆ ನಿಲ್ಲುತ್ತಾರೆ ಎಂಬುದು ಈಗ ಕಂಡಿತು. ಎಣಿಕೆ ಪರೀಕ್ಷೆಗಾಗಿ ಹುಟ್ಟಿದ್ದಲ್ಲ, ಉಸಿರಿಗಾಗಿ ಹುಟ್ಟಿದ್ದು.

ಅಲಂಕಾರಗಳ ವಿಷಯ ಹೆಚ್ಚು ಹೇಳುವುದಿಲ್ಲ. ‘ಮಗು ಚಂದ್ರನ ಹಾಗಿದೆ’ ಎಂದರೆ ಉಪಮೆ, ಮಗುವನ್ನೇ ‘ಬಾರೋ ನನ್ನ ಚಂದ್ರ’ ಎಂದು ಎತ್ತಿಕೊಂಡರೆ ರೂಪಕದ ಕಡೆಗೆ ಬಂತು. ಇಷ್ಟು ನಮಗೆಲ್ಲ ಬರುತ್ತದೆ. ಕಲಿಯಬೇಕಾದ್ದು ಅದರ ಆಚೆಯದು.

ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಎಂಬ ಪುಸ್ತಕ 1953ರಲ್ಲಿ ಬಂದದ್ದು. ಇವತ್ತಿಗೂ ಕನ್ನಡ ಎಂ.ಎ. ಮಾಡುವವರು ಅದನ್ನು ದಾಟಿಕೊಂಡೇ ಹೋಗಬೇಕು. ಅಲ್ಲಿ ‘ಧ್ವನಿ’ ಎಂಬ ಮಾತು ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನ ಎಂಬ ಪಂಡಿತ ಹೇಳಿದ್ದು: ಕಾವ್ಯದ ಜೀವ ಇರುವುದು ಬಾಯಿಬಿಟ್ಟು ಹೇಳಿದ್ದರಲ್ಲಲ್ಲ, ಹೇಳದೆ ಹೊಳೆಯಿಸಿದ್ದರಲ್ಲಿ. ಅವನು ಕೊಡುವ ಉದಾಹರಣೆ ಕೇಳಿ. ಕಾಳಿದಾಸನ ‘ಕುಮಾರಸಂಭವ’ದಲ್ಲಿ ಶಿವನಿಗೆ ಹೆಣ್ಣು ಕೇಳಲು ಋಷಿಗಳು ಹಿಮವಂತನ ಮನೆಗೆ ಬರುತ್ತಾರೆ. ಹಿರಿಯರ ಮಾತು ನಡೆಯುತ್ತಿದೆ. ಪಾರ್ವತಿ ಅಪ್ಪನ ಪಕ್ಕದಲ್ಲಿ ತಲೆ ಬಗ್ಗಿಸಿಕೊಂಡು, ಕೈಯಲ್ಲಿದ್ದ ಕಮಲದ ದಳಗಳನ್ನು ಎಣಿಸುತ್ತಿದ್ದಾಳೆ. ಅಷ್ಟೇ. ನಾಚಿಕೊಂಡಳು ಎಂದು ಕವಿ ಬರೆಯಲಿಲ್ಲ, ಒಳಗೊಳಗೇ ಹಿಗ್ಗಿದಳು ಎಂದೂ ಬರೆಯಲಿಲ್ಲ.

ಕಾಶ್ಮೀರದ ಪಂಡಿತನ ಸಿದ್ಧಾಂತ ನಮ್ಮ ಹುಡುಗೀರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಹೆಣ್ಣು ನೋಡಲು ಬಂದವರ ಮುಂದೆ ಸೀರೆಯ ಅಂಚನ್ನೋ ಚಾಪೆಯ ಕಡ್ಡಿಯನ್ನೋ ಎಣಿಸದವರು ನಮ್ಮಲ್ಲಿ ಯಾರಿದ್ದಾರೆ?

ಇನ್ನೊಂದು ದಿನ ಮೇಷ್ಟ್ರು ನಮಗೆಲ್ಲ ಒಂದೊಂದು ಹಾಳೆ ಹಂಚಿದರು. ಕವಿತೆ ಇದೆ, ಕವಿಯ ಹೆಸರಿಲ್ಲ. ಓದಿ ಅನ್ನಿಸಿದ್ದನ್ನು ಬರೆಯಿರಿ ಎಂದರು. ಇದು ಅವರ ಸ್ವಂತ ಕಲ್ಪನೆಯಲ್ಲವಂತೆ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಐ.ಎ. ರಿಚರ್ಡ್ಸ್ ಎಂಬ ಪ್ರಾಧ್ಯಾಪಕರು ಹೀಗೇ ಹೆಸರು ಮುಚ್ಚಿ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದದ್ದನ್ನು ಕೂಡಿಹಾಕಿ 1929ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಹದಿಮೂರು ಕವಿತೆಗಳಿವೆ. ದೊಡ್ಡ ಕವಿಗಳ ಪದ್ಯಗಳನ್ನು ಹುಡುಗರು ಕಡೆಗಣಿಸಿದ್ದರು, ಸಾಧಾರಣ ಪದ್ಯಗಳನ್ನು ಹೊಗಳಿದ್ದರು. ಏಕೆ ಹೀಗಾಗುತ್ತದೆ ಎಂದು ರಿಚರ್ಡ್ಸ್ ಕಾರಣಗಳನ್ನೂ ಹುಡುಕಿದರು. ಪದ್ಯದಲ್ಲಿ ಇಲ್ಲದ ನಮ್ಮ ಸ್ವಂತ ನೆನಪುಗಳನ್ನು ತಂದು ಪದ್ಯದ ಮೇಲೆ ಹೇರುವುದು ಅವುಗಳಲ್ಲಿ ಒಂದು.

ನಮಗೆ ಕೊಟ್ಟ ಹಾಳೆಯಲ್ಲಿದ್ದುದು ಬೇಂದ್ರೆಯವರ ಹಾಡು. ನನ್ನನ್ನು ಹಾಗೆ ನೋಡಬೇಡ ಎಂದು ಗಂಡ ಹೆಂಡತಿಯನ್ನು ಬೇಡಿಕೊಳ್ಳುತ್ತಾನಲ್ಲ, ಅದು. ಭಾವಗೀತೆಯ ಕಾರ್ಯಕ್ರಮಗಳಲ್ಲಿ ನೀವೆಲ್ಲ ಕೇಳಿಯೇ ಇರುತ್ತೀರಿ. ಹೆಸರಿಲ್ಲದಿದ್ದರೇನು, ಧಾಟಿ ಎಲ್ಲರ ಬಾಯಲ್ಲೂ ಇತ್ತು. ಹುಡುಗೀರು ಮುಸಿಮುಸಿ ನಕ್ಕರು. ‘ಪ್ರೇಮಗೀತೆ ಸಾರ್’, ‘ಹುಸಿಮುನಿಸು ಸಾರ್’ ಎಂದರು. ಹಿಂದಿನ ಬೆಂಚಿನಿಂದ ನರ್ಸಮ್ಮ ಮೆಲ್ಲಗೆ, ‘ಇಲ್ಲ, ಇದು ಸಾವಿನ ಮನೆ’ ಅಂದರು.

ತರಗತಿ ಗಪ್‌ಚಿಪ್ಪಾಯಿತು. ಮೇಷ್ಟ್ರು ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ‘ಯಾವ ಪದ ನಿಮಗೆ ಹಾಗೆ ಹೇಳಿತು? ತೋರಿಸಿ’ ಅಂದರು. ಆಕೆ ಬೆರಳಿಟ್ಟು ತೋರಿಸಿದ್ದು ಹಗಲಿನ ಆಕಾಶದಲ್ಲಿ ಬಿಳಿಚಿಕೊಂಡು ತೇಲುವ ಹುಣ್ಣಿಮೆ ಚಂದ್ರನ ಸಾಲನ್ನು. ಕವಿ ಆ ಚಂದ್ರನನ್ನು ಶವ ಎಂದೇ ಕರೆದಿದ್ದಾರೆ. ‘ಹೆಂಡತಿ ಹತ್ತಿರ ಸರಸ ಆಡೋನ ಬಾಯಲ್ಲಿ ಹೆಣ ಅನ್ನೋ ಮಾತು ಯಾಕೆ ಬರುತ್ತೆ ಸಾರ್? ಅವಳ ಕಣ್ಣು ನೋಡಿದರೆ ಇವನೂ ಒಡೆದುಹೋಗ್ತಾನೆ. ಅದಕ್ಕೇ ನೋಡಬೇಡ ಅಂತಾನೆ.’

ಆಮೇಲೆ ಮೇಷ್ಟ್ರು ಸಂದರ್ಭ ಹೇಳಿದರು. ಬೇಂದ್ರೆ ದಂಪತಿಗಳು ಹಲವು ಮಕ್ಕಳನ್ನು ಕಳೆದುಕೊಂಡವರು. ಆ ಹಾಡು ಹುಟ್ಟಿದ್ದು ಅಂಥ ಒಂದು ದುಃಖದಲ್ಲಿ. ಊಟದ ಹೊತ್ತಿನಲ್ಲಿ ನರ್ಸಮ್ಮ ತಮ್ಮ ಮನೆಯ ಕಥೆ ನನಗೆ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಒಂದು ಗಮನಿಸಿ. ತರಗತಿಯಲ್ಲಿ ಆಕೆ ತಮ್ಮ ದುಃಖವನ್ನು ಎತ್ತಲೇ ಇಲ್ಲ. ದುಃಖ ಆಕೆಯ ಕಿವಿಯನ್ನು ಚುರುಕು ಮಾಡಿತ್ತು, ನಿಜ. ಸಾಕ್ಷಿ ಮಾತ್ರ ಪದ್ಯದೊಳಗಿನದೇ. ನಮ್ಮ ಬದುಕನ್ನು ಹೊರಗಿಟ್ಟು ಓದಿ ಎಂದರೆ ಅದು ಆಗುವ ಮಾತಲ್ಲ, ಹಾಗೆಂದು ಪದ್ಯವನ್ನು ಬಿಟ್ಟು ನಮ್ಮ ಗೋಳನ್ನೇ ಹೇಳಿಕೊಂಡು ಕೂತರೆ ಅದು ಓದೂ ಅಲ್ಲ. ನನಗಂತೂ ರಿಚರ್ಡ್ಸ್ ಸಾಹೇಬರ ಪುಸ್ತಕಕ್ಕಿಂತ ನರ್ಸಮ್ಮನ ಆ ಬೆರಳು ಹೆಚ್ಚು ಕಲಿಸಿತು.

ಆದರೆ ತರಗತಿಯಲ್ಲಿ ನಿಜವಾದ ಜಗಳ ಹತ್ತಿದ್ದು ಸಂಚಿ ಹೊನ್ನಮ್ಮನ ಪಾಠದಲ್ಲಿ.

ಹೊನ್ನಮ್ಮ ಮೈಸೂರಿನ ಅರಸು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಂಗಸು. ಒಡೆಯರು ಆಳಿದ್ದು 1673ರಿಂದ 1704ರ ತನಕ. ಆಕೆ ಸಾಂಗತ್ಯದಲ್ಲಿ ಬರೆದ ಕಾವ್ಯ ‘ಹದಿಬದೆಯ ಧರ್ಮ’. ಹದಿಬದೆ ಎಂದರೆ ಪತಿವ್ರತೆ. ಅದರಲ್ಲಿ ಒಂದು ಪದ್ಯ ಬಹಳ ಪ್ರಸಿದ್ಧ. ತಮ್ಮನ್ನು ಹೆತ್ತವಳು ಯಾರೆಂಬುದನ್ನೇ ಮರೆತು ಹೆಣ್ಣನ್ನು ಹಗುರ ಮಾಡುವವರನ್ನು ಹೊನ್ನಮ್ಮ ಅಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾಳೆ. ಭಾಷಣ ಮಾಡುವವರಿಗೆಲ್ಲ ಅದು ಬಾಯಿಪಾಠ. ನಾನು ಪಿ.ಯು.ಸಿ.ಯಲ್ಲಿದ್ದಾಗ ನಮ್ಮ ಲೆಕ್ಚರರು ಅದೊಂದನ್ನೇ ನೋಟ್ಸ್ ಬರೆಸಿ, ‘ಸ್ತ್ರೀಪರ ದನಿ’ ಎಂದು ಅಡಿಗೆರೆ ಹಾಕಿಸಿದ್ದರು. ಪುಸ್ತಕದ ಉಳಿದ ಭಾಗದಲ್ಲಿ ಏನಿದೆ ಎಂದು ಅವರು ಹೇಳಲಿಲ್ಲ. ಕೇಳಿದ ಒಬ್ಬಳನ್ನು, ‘ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ’ ಎಂದು ಕೂರಿಸಿದ್ದರು.

ಈಗ ಪೂರಾ ಓದಿದೆವು. ಉಳಿದುದರಲ್ಲಿ ಇರುವುದು ಪತಿಯೇ ದೈವ, ಅತ್ತೆಮಾವಂದಿರ ಸೇವೆ, ಒಳ್ಳೆಯ ಹೆಂಡತಿಯ ನಡೆನುಡಿ, ಇವೇ. ಮುಂದಿನ ಬೆಂಚಿನ ಹುಡುಗಿಗೆ ಸಿಟ್ಟು ಬಂತು. ಅವಳಿಗೆ ಇಪ್ಪತ್ಮೂರು ವರ್ಷ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಇವಳಿಗೆ ಇನ್ನೂ ಓದಬೇಕು. ‘ಹಂಗಾದ್ರೆ ಆ ಒಂದು ಪದ್ಯ ಬರೀ ಮೋಸ. ಒಂದು ಕಡೆ ಹೊಗಳಿ ಒಂಬತ್ತು ಕಡೆ ಕಟ್ಟಿಹಾಕೋದು. ಇಂಥ ಪುಸ್ತಕ ನಾವ್ಯಾಕೆ ಓದಬೇಕು?’ ಅಂದಳು. ಇನ್ನೊಬ್ಬಳು, ಆ ಕಾಲವೇ ಹಾಗಿತ್ತು, ಅಷ್ಟು ಹೇಳಿದ್ದೇ ದೊಡ್ಡದು ಎಂದಳು. ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರು ತಡೆಯಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಬರೆದದ್ದು ನಮ್ಮ ಹಳೆಯ ಪ್ರಶ್ನೆಯನ್ನೇ: ಯಾರು? ಯಾರಿಗೆ? ಯಾವಾಗ? ಮುಂದಿನ ತರಗತಿಗೆ ಬರೆದುಕೊಂಡು ಬನ್ನಿ ಎಂದರು.

ಆ ವಾರವೆಲ್ಲ ನನಗೆ ಅದೇ ಗುಂಗು. ಅಡಿಗೆಮನೆಯಲ್ಲಿ ನಮ್ಮತ್ತೆಗೆ ವಿಷಯ ಹೇಳಿದೆ. ಅವರಿಗೆ ಎಂಬತ್ತು ಹತ್ತಿರ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಬೀಸುವ ಪದ, ಹಸೆಯ ಪದಗಳಿಗೆ ಮಾತ್ರ ಲೆಕ್ಕವಿಲ್ಲ. ಅವರೆಕಾಳು ಹಿಸುಕುತ್ತಾ ಎಲ್ಲ ಕೇಳಿಸಿಕೊಂಡು, ‘ಅರಮನೇಲಿ ಕೆಲಸಕ್ಕಿದ್ದೋಳೇನೇ ಅವಳು?’ ಎಂದರು. ಹೌದು ಅತ್ತೆ ಎಂದೆ. ‘ಬರಿ ಅಂತ ಹೇಳಿದೋರೂ ದೊಡ್ಡೋರೇ, ಓದೋರೂ ದೊಡ್ಡೋರೇ, ಅಲ್ವೇ? ಮತ್ತೆ ಇನ್ನೇನು ಮಾಡ್ತಾಳೆ? ನಾನು ನಮ್ಮತ್ತೆ ಎದುರಿಗೆ ಹಂಗೇ ಇದ್ದೆ. ಹೂಂ ಅತ್ತೆ, ಆಗ್ಲಿ ಅತ್ತೆ, ಹಂಗೇ ಮಾಡ್ತೀನಿ ಅತ್ತೆ ಅಂತಂತಲೇ ಮಧ್ಯದಲ್ಲಿ ಒಂದು ಮಾತು ಸೇರಿಸಿಬಿಡೋದು. ಹತ್ತು ಹೂಂ ಹಾಕಿದ್ರೆ ಆ ಒಂದು ಮಾತು ನಡೀತಿತ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ಹೂಂ ಅಂದದ್ದೆಲ್ಲ ಸುಳ್ಳು ಅಂತಲೂ ಅಲ್ಲ ಕಣೇ. ಅದರಲ್ಲೂ ನಂಬಿಕೆ ಇತ್ತು’ ಎಂದು ಸೇರಿಸಿದರು.

ನಾನು ಅದನ್ನೇ ನನ್ನ ಮಾತಿನಲ್ಲಿ ಬರೆದುಕೊಂಡು ಹೋಗಿ ಓದಿದೆ, ಯಾರು ಹೇಳಿದ್ದೆಂದೂ ಹೇಳಿದೆ. ಕಟುವಾಗಿ ಬೈಯುವ ಪದಗಳು ಆ ಪದ್ಯದಲ್ಲಿ ಏಕೆ ಅಷ್ಟು ಒತ್ತಾಗಿ ಬಂದಿವೆ, ಉಳಿದ ಕಡೆ ಭಾಷೆ ಏಕೆ ಅಷ್ಟು ಮೆದು ಎಂದು ಮೇಷ್ಟ್ರು ಅಲ್ಲಿಂದ ಪಾಠವನ್ನು ಮುಂದುವರಿಸಿದರು. ಮುಂದಿನ ಬೆಂಚಿನ ಹುಡುಗಿ ಒಪ್ಪಲಿಲ್ಲ. ‘ಹತ್ತು ಹೂಂ ಯಾಕೆ ಹಾಕಬೇಕು ಆಂಟಿ?’ ಎಂದು ಬಸ್‌ಸ್ಟಾಂಡಿನವರೆಗೂ ನನ್ನ ಜೊತೆ ವಾದ ಮಾಡಿಕೊಂಡೇ ಬಂದಳು. ಅವಳ ಸಿಟ್ಟೂ ಒಂದು ಓದೇ. ಉತ್ತರಪತ್ರಿಕೆಯಲ್ಲಿ ಅದನ್ನು ಹಾಗೇ ಬರಿ, ಆದರೆ ಪದ್ಯ ತೋರಿಸಿ ಬರಿ ಎಂದೆ. ಅವಳು ಬರೆದಳಂತೆ. ಮನೆಯವರು ಇನ್ನೊಂದು ವರ್ಷ ಕಾಯಲು ಒಪ್ಪಿದ್ದಾರೆ, ಅದು ಹೊನ್ನಮ್ಮನಿಂದಲ್ಲ, ಅವಳ ಅಣ್ಣನ ಮದುವೆ ಮೊದಲು ಗೊತ್ತಾದ್ದರಿಂದ!

ಈಗ ನಮ್ಮತ್ತೆಗೂ ಪಾಠದ ರುಚಿ ಹತ್ತಿದೆ. ಹಾಸನದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ, ‘ಏನು ಹೇಳಿದ್ರೇ ಇವತ್ತು?’ ಎನ್ನುತ್ತಾರೆ. ಮೊನ್ನೆ ಅವರಿಂದ ಒಂದು ಬೀಸುವ ಪದ ಹಾಡಿಸಿ ಪ್ರಸ್ತಾರ ಹಾಕಲು ಕುಳಿತೆ. ಒಂದು ಸಲ ಒಂದು ಲೆಕ್ಕ, ಇನ್ನೊಂದು ಸಲ ಇನ್ನೊಂದು. ತ್ರಿಪದಿ ಅಂಶಗಣದ್ದು, ಮಾತ್ರೆ ಎಣಿಸಿದರೆ ಕೂಡುವುದಿಲ್ಲ, ಹಾಡುವ ದನಿ ಅಕ್ಷರವನ್ನು ಎಳೆದಂತೆ ಎಳೆಯುತ್ತದೆ, ಕುಗ್ಗಿಸಿದಂತೆ ಕುಗ್ಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕಿವಿಗೆ ಬಿದ್ದದ್ದು ಆಗಲೇ. ‘ಅತ್ತೆ, ಸ್ವಲ್ಪ ನಿಧಾನ, ಇನ್ನೊಂದು ಸಲ’ ಎಂದೆ.

‘ನೀನು ಎಣಿಸ್ಕೋತಾ ಇರು, ನಾನು ಹಾಡ್ತಾ ಇರ್ತೀನಿ’ ಎಂದು ಅವರು ಮುಂದಿನ ಪದಕ್ಕೆ ಹೋದರು.