ಮುಧೋಳದ ಬೇಟೆನಾಯಿ: ಅದರ ಗುಣ ಮತ್ತು ಪಾಲನೆ



ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿ ಎಲ್ಲವನ್ನೂ ನೋಡುವ ನಾವು ನಾಯಿಯ ವಿಷಯದಲ್ಲಿ ಏನನ್ನೂ ವಿಚಾರಿಸುವುದಿಲ್ಲ. ಸಿಕ್ಕ ಮರಿಯನ್ನು ತಂದು ಬಾಗಿಲಿಗೆ ಕಟ್ಟಿ, ಉಂಡು ಉಳಿದದ್ದನ್ನು ಹಾಕಿದರೆ ಸಾಕೆಂದು ತಿಳಿಯುತ್ತೇವೆ. ಮುಧೋಳದ ನಾಯಿಗೆ ಈ ರೀತಿ ನಡೆಯದು. ಅದು ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿ. ಕಟ್ಟಿಯೇ ಸಾಕಿದರೆ ಕೆಡುತ್ತದೆ. ಅದರ ಗುಣವರಿತು ಸಾಕಿದರೆ ಮನೆಗೂ ಹೊಲಕ್ಕೂ ಆಸರೆಯಾಗುತ್ತದೆ.

ತಳಿಯ ಗುರುತು

ಬಾಗಲಕೋಟೆ ಜಿಲ್ಲೆಯ ಮುಧೋಳದಿಂದ ಈ ತಳಿಗೆ ಹೆಸರು ಬಂದಿತು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. ಅಂಚೆ ಇಲಾಖೆಯು 2005ರಲ್ಲಿ ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಇದರ ಮರಿಗಳನ್ನು ಸೇನೆಯು ತರಬೇತಿಗಾಗಿ ಮೀರತ್‌ಗೆ ಒಯ್ದಿತು.

ಉದ್ದನೆಯ ಕಿರಿದಾದ ಮುಖ, ಆಳವಾದ ಎದೆ, ಒಳಸೇದಿದ ಹೊಟ್ಟೆ, ನೀಳ ಕಾಲು, ಗಿಡ್ಡ ಕೂದಲು ಇದರ ಲಕ್ಷಣಗಳು. ಬೆಳೆದ ಗಂಡು ಸುಮಾರು 70 ಸೆಂಟಿಮೀಟರ್ ಎತ್ತರ ನಿಲ್ಲುತ್ತದೆ. ಮೈ ತೆಳ್ಳಗಿದ್ದ ಮಾತ್ರಕ್ಕೆ ಬಡಕಲಾಗಿದೆ ಎಂದು ತಿಳಿದು ಕೊಬ್ಬಿಸಬಾರದು. ಇದು ಮೂಸಿ ಬೇಟೆಯಾಡುವ ನಾಯಿಯಲ್ಲ, ಕಣ್ಣಿನಿಂದ ಕಂಡು ಬೆನ್ನಟ್ಟುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಕರೆದರೂ ಕೇಳಿಸಿಕೊಳ್ಳದೆ ಹಾರುತ್ತದೆ. ಆದ್ದರಿಂದ ಮರಿಯಿರುವಾಗಲೇ ಕುರಿ, ಕೋಳಿಗಳ ನಡುವೆ ಬೆಳೆಸಿ, ಕರೆದಾಗ ಬರುವುದನ್ನು ಕಲಿಸಿರಿ. ಹೆದ್ದಾರಿಯ ಬಳಿ ಸಡಿಲ ಬಿಡಬೇಡಿರಿ.

ಓಟ ಮತ್ತು ಆಹಾರ

ಬೆಳಿಗ್ಗೆ ಮತ್ತು ಸಂಜೆ, ಬಿಸಿಲಿಲ್ಲದ ಹೊತ್ತಿನಲ್ಲಿ, ಬಯಲಿನಲ್ಲಿ ಓಡಲು ಬಿಡಿರಿ. ಉಂಡ ಕೂಡಲೇ ಓಡಿಸಬಾರದು. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ಅದರಿಂದ ಕೆಲವೇ ಗಂಟೆಗಳಲ್ಲಿ ಸಾವು ಬರಬಹುದು. ಒಮ್ಮೆಗೇ ಹೆಚ್ಚು ಹಾಕದೆ ದಿನಕ್ಕೆ ಎರಡು ಸಲ ಹಂಚಿ ಹಾಕಿರಿ. ಜೋಳದ ರೊಟ್ಟಿ, ನುಚ್ಚುಗಳ ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಮಾಂಸವೂ ಇರಲಿ. ಈರುಳ್ಳಿ ನಾಯಿಗೆ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಕುರಿ ಕೊಯ್ದಾಗ ಹಸಿ ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿರಿ. ಅವುಗಳಲ್ಲಿರುವ ಒಂದು ಬಗೆಯ ಹುಳು ನಾಯಿಯ ಮೂಲಕ ಮನೆಯ ಮಕ್ಕಳಿಗೂ ತಗಲಬಹುದು.

ಇದರ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಚಳಿಗಾಲದಲ್ಲಿ ಮಲಗಲು ಗೋಣಿಚೀಲ ಹಾಸಿರಿ. ಹೊಲದಿಂದ ಬಂದ ಮೇಲೆ ಮುಳ್ಳು, ಗಾಯ, ಉಣ್ಣೆಗಳನ್ನು ನೋಡಿರಿ.

ರೋಗ ತಡೆ

ಮರಿಗಳಿಗೆ ಎರಡು ಮೂರು ವಾರದಿಂದಲೇ ಪಶುವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧಿ ಕೊಡಿಸಿರಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ಪ್ರತಿ ವರ್ಷವೂ ತಪ್ಪಿಸಬೇಡಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ರೋಗ ತಲೆಗೇರಿದ ಮೇಲೆ ಉಳಿಯುವ ಆಶೆಯಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದು ಮುಧೋಳ ತಳಿಯೆಂದು ವೈದ್ಯರಿಗೆ ಹೇಳಿರಿ. ಇಂಥ ನಾಯಿಗಳು ಕೆಲವು ಅರಿವಳಿಕೆ ಔಷಧಿಗಳಿಂದ ತಡವಾಗಿ ಎಚ್ಚರಗೊಳ್ಳುತ್ತವೆ.

ಮರಿ ಮತ್ತು ಮಾರಾಟ

ಮುಧೋಳ ಸುತ್ತಿನ ಹಲವು ಮನೆಗಳಿಗೆ ಮರಿಗಳ ಮಾರಾಟ ಒಂದು ಆದಾಯ. ಆದರೆ ಆಶೆಗೆ ಬಿದ್ದು ಪ್ರತಿ ಬೆದೆಗೂ ಗಂಡು ಕೂಡಿಸಿದರೆ ತಾಯಿ ಸೊರಗುತ್ತದೆ, ಮರಿಗಳೂ ಬಡವಾಗುತ್ತವೆ. ಮೊದಲ ಬೆದೆಯನ್ನು ಬಿಡಿರಿ. ಒಂದು ಹೆರಿಗೆಯ ನಂತರದ ಬೆದೆಯನ್ನೂ ಬಿಡಿರಿ. ಒಡಹುಟ್ಟಿದವನ್ನು ಕೂಡಿಸಬೇಡಿರಿ. ಗರ್ಭ ಸುಮಾರು 63 ದಿನ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬೇಡಿರಿ. ತಳಿಯ ಬಗ್ಗೆ ಸಂದೇಹವಿದ್ದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ಕೊನೆಯದಾಗಿ ಒಂದು ಮಾತು. ಬೇಟೆನಾಯಿ ಎಂಬ ಹೆಸರಿದ್ದರೂ ಬೇಟೆಗೆ ಈಗ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮೊಲವನ್ನಾಗಲಿ ಚಿಗರಿಯನ್ನಾಗಲಿ ನಾಯಿ ಬಿಟ್ಟು ಹಿಡಿಸುವುದೂ ಅಪರಾಧವೇ. ಹೊಲ, ಕಣ, ಕುರಿಹಟ್ಟಿಗಳ ಕಾವಲು ಅದರ ಇಂದಿನ ಕೆಲಸ. ನಿಮ್ಮ ನಾಯಿಯ ಕೊರಳ ಹಗ್ಗವನ್ನು ದಿನಕ್ಕೆರಡು ಬಾರಿ ಬಿಚ್ಚಿರಿ, ಜೊತೆಗೆ ನೀವೂ ಬಯಲಿಗೆ ಹೋಗಿರಿ. ಅದಕ್ಕೆ ಬೇಕಾದುದು ಅಷ್ಟೇ.